ಸೀಟು ಇಳಿಸಬೇಡ

ಅಣ್ಣನಿಗೆ,

ಪಂಕ್ಚರ್ ಆದ ಸೈಕಲ್ಲನ್ನು ಅಳಿಯನ ಕೈಯಲ್ಲಿ ನಿನ್ನ ಅಂಗಡಿಗೆ ಕಳಿಸಿದ್ದೇನೆ. ಹ್ಯಾಂಡಲ್‌ಗೆ ಕಟ್ಟಿರುವ ಈ ಕಾಗದ ಓದಿದ ಮೇಲೆಯೇ ಸ್ಪ್ಯಾನರ್ ಮುಟ್ಟು.

ಪಂಕ್ಚರ್ ಹಾಕು, ಚೈನಿಗೆ ಎಣ್ಣೆ ಬಿಡು. ಸೀಟು ಮಾತ್ರ ಇಳಿಸಬೇಡ. ಈ ವರ್ಷ ನಾಲ್ಕು ಸಲ ರಿಪೇರಿಗೆ ಕೊಟ್ಟೆ, ನಾಲ್ಕು ಸಲವೂ ನೀನು ಇಳಿಸಿಯೇ ಕಳಿಸಿದೆ. ಕೇಳಿದರೆ, "ಕಾಲು ನೆಲಕ್ಕೆ ತಾಗ್ಬೇಕು ಕಣೇ, ಎಲ್ಲಾದ್ರೂ ಬಿದ್ಬಿಟ್ಟೀಯ" ಅನ್ನುತ್ತೀಯ. ಸೀಟು ತಗ್ಗಿದ್ದರೆ ತುಳಿಯುವಾಗ ಮಂಡಿ ಪೂರ್ತಿ ಮಡಚಿಕೊಳ್ಳುತ್ತದೆ, ಸವೆದ ಕೀಲು ಜೀವ ಹಿಂಡುತ್ತದೆ. ಡಾಕ್ಟರು ನಿನ್ನೆದುರಿಗೇ ಹೇಳಿದರಲ್ಲ, "ಸೈಕಲ್ ಬಿಡ್ಬೇಡಿ, ಸೀಟು ಎತ್ತರ ಇರ್ಲಿ" ಅಂತ. ನೀನು ತಲೆಯನ್ನೂ ಆಡಿಸಿದೆ. ಅಣ್ಣ ಅಂತ ನೋಡದೆ ಹೇಳುತ್ತೇನೆ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಈ ಸಲ ನನ್ನ ಹೊಲಿಗೆ ಟೇಪಿನಿಂದಲೇ ಅಳೆದು, ಸೀಟಿನ ಕೆಳಗಿನ ಕಂಬಿ ಫ್ರೇಮಿನೊಳಗೆ ಇಳಿಯುವ ಜಾಗದಲ್ಲೇ ಕೆಂಪು ನೂಲು ಸುತ್ತಿದ್ದೇನೆ. ಸೀಟು ಇಳಿಸಿದರೆ ನೂಲು ಕಾಣುವುದಿಲ್ಲ, ನೀನು ಸಿಕ್ಕಿಬೀಳುತ್ತೀಯ.

ನಿನ್ನ ಹೆದರಿಕೆ ಯಾವ ಕಾಲದ್ದೆಂದು ನನಗೆ ಗೊತ್ತಿಲ್ಲವೇ? ಒಂಬತ್ತು ವರ್ಷದ ನನಗೆ ಸೈಕಲ್ ಕಲಿಸುತ್ತ, ಹಿಂದೆ ಹಿಡಿದಿದ್ದ ಕೈಯನ್ನು ನೀನು ಹೇಳದೆ ಬಿಟ್ಟೆ. ನಾನು ಬಿದ್ದು ಇದೇ ಮಂಡಿ ಒಡೆದುಕೊಂಡೆ. ಆ ಗಾಯಕ್ಕೂ ಈ ನೋವಿಗೂ ಸಂಬಂಧವಿಲ್ಲವಂತೆ. ನೀನು ಚಪ್ಪಲಿ ಹಾಕಿಕೊಳ್ಳಲು ಹೊರಗೆ ಹೋದಾಗ ಡಾಕ್ಟರನ್ನು ಕೇಳಿದೆ.

ಇನ್ನೊಂದು ಮಾತು. ಅವತ್ತು ಬೀಳುವ ಮೊದಲು ನಾನು ಬೀದಿಯ ತಿರುವಿನವರೆಗೂ ಒಬ್ಬಳೇ ಹೋಗಿದ್ದೆ. ನೀನು ಅದನ್ನೂ ನೋಡಿದ್ದೀಯ.

ಸೈಕಲ್ ನಾಳೆ ಬೆಳಿಗ್ಗೆಗೇ ಬೇಕು.

ನಿನ್ನ ತಂಗಿ