ಸಿನಿಮಾದ ಆ ಅಡುಗೆಯವಳು

ತೋಟದ ಮನೆ, ಕಾಗವಾಡ
ಶನಿವಾರ, 14-6-2025

ಅಕ್ಕ ಕುಸುಮಳಿಗೆ ನಿನ್ನ ತಂಗಿಯ ನಮಸ್ಕಾರ.

ಇದನ್ನು ಫೋನಿನಲ್ಲಿ ಹೇಳಲು ಬರುವುದಿಲ್ಲ. ನಿನ್ನ ಫೋನು ಬಂದರೆ ಅತ್ತೆ ಪಡಸಾಲೆಯಲ್ಲೇ ಸ್ಪೀಕರ್ ಹಾಕಿಸುತ್ತಾರೆ, ಗೊತ್ತಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ನಿಧಾನ ಓದು.

ಮೊನ್ನೆ ನಾದಿನಿ ಸ್ನೇಹಲ ತನ್ನ ಮೊಬೈಲಿನಲ್ಲಿ ಒಂದು ಗೂಢಚಾರರ ಸಿನಿಮಾ ತೋರಿಸಿದಳು. ಗುಂಡಿಲ್ಲ, ಬೆನ್ನಟ್ಟುವುದೂ ಇಲ್ಲ. ದೊಡ್ಡ ಅಧಿಕಾರಿಯ ಮನೆಗೆ ಅಡುಗೆಗೆ ಸೇರಿದ ಹೆಂಗಸು ಅಲ್ಲಿನ ಸುದ್ದಿ ಹೊರಗೆ ಮುಟ್ಟಿಸುತ್ತಾಳೆ, ಅಷ್ಟೆ. ಆದರೆ ಎಂಥ ನಟನೆ ಅಕ್ಕಾ. ನಿನ್ನೆ ಎಲ್ಲಿಗೆ ಹೋಗಿದ್ದೆ ಎಂದು ಸಾಹೇಬ ಕೇಳಿದಾಗಲೂ ಹಿಟ್ಟು ನಾದುವುದನ್ನು ನಿಲ್ಲಿಸುವುದಿಲ್ಲ. ಒಮ್ಮೆ ಉಗುಳು ನುಂಗುತ್ತಾಳೆ. ಸಾಹೇಬನಾದವನೂ ಕಮ್ಮಿಯಿಲ್ಲ. ಅವನಿಗೆ ಗೊತ್ತಾಯಿತೋ ಇಲ್ಲವೋ, ಕಡೆತನಕ ತಿಳಿಯಗೊಡಲಿಲ್ಲ. ಎರಡು ಸಲ ನೋಡಿದೆ.

ಸ್ನೇಹಲ ನಕ್ಕಳು. "ವೈನಿ, ನಿಮ್ಮನ್ನ ಆ ಮನಿಗೆ ಕಳಿಸಿದ್ರ ಹೊಸ್ತಲದಾಗ ನಿಂತ ಎಲ್ಲಾ ಒದರಿಬಿಡ್ತಿದ್ರಿ" ಅಂದಳು. ನಗುತ್ತಲೇ ತನ್ನ ಗುಟ್ಟನ್ನೂ ಹೇಳಿದಳು. ಸೋಮವಾರ ಮಿರಜಿನಲ್ಲಿ ನರ್ಸಿಂಗ್ ಸೀಟಿನ ಸಂದರ್ಶನವಂತೆ. ಅದೇ ದಿನ ಅವಳನ್ನು ನೋಡಲು ಅಥಣಿಯಿಂದ ಗಂಡಿನವರು ಬರುತ್ತಾರೆ. ಬ್ಲೌಸು ತರಲು ಟೇಲರ್ ಹತ್ತಿರ ಹೋಗಿದ್ದಾಳೆಂದು ನಾನು ಹೇಳಬೇಕು, ಮಧ್ಯಾಹ್ನದೊಳಗೆ ತಿರುಗಿ ಬರುತ್ತಾಳಂತೆ.

ಆದರೆ ಅತ್ತೆ ನನ್ನನ್ನು ಅವಳ ಮೇಲೆ ಕಣ್ಣಿಡಲು ಹಚ್ಚಿ ತಿಂಗಳಾಯಿತು. "ಅಕಿ ಯಾರ ಜೋಡಿ ಮಾತಾಡ್ತಾಳ, ಎಲ್ಲಿ ಹೋಗ್ತಾಳ, ನನಗ ಹೇಳಬೇಕ. ಮುಚ್ಚಿಟ್ಟಿ ಅಂದ್ರ ನಿನ್ನ ತವರಿಗಿ ಬಿಟ್ಟ ಬರ್ತೀವಿ" ಅಂದಿದ್ದಾರೆ. ತವರಿನಲ್ಲಿ ಅಣ್ಣನ ಹೆಂಡತಿ ಎಷ್ಟು ದಿನ ಇಟ್ಟುಕೊಂಡಾಳು? ಮೂರು ದಿನದಿಂದ ಅನ್ನ ಸೇರುತ್ತಿಲ್ಲ. ಹೇಳಲೋ, ಬಿಡಲೋ?

ಟೆಂಪೋದ ಹಾಲೇಶ ನಾಳೆ ನಿಮ್ಮ ಏಕಸಂಬಿಗೆ ಬರುತ್ತಾನೆ. ಉತ್ತರ ಅವನ ಕೈಯಲ್ಲೇ ಕೊಡು.

ನಿನ್ನ ತಂಗಿ,
ಸುಜಾತಾ

ತಾ.ಕ.: ನಿನ್ನ ಮುಂದೆ ಸುಳ್ಳು ಯಾಕೆ. ನಿನ್ನೆ ಒಣದ್ರಾಕ್ಷಿ ಆರಿಸುವಾಗ ಅತ್ತೆಗೆ ಹೇಳಿಬಿಟ್ಟೆ. ಅವರು ಬೈದಿರಲಿಲ್ಲ, ಕೇಳಿರಲೂ ಇಲ್ಲ. ಸುಮ್ಮನೆ ನನ್ನ ಮುಖ ನೋಡಿದರು, ಅಷ್ಟಕ್ಕೇ ಬಾಯಿಬಿಟ್ಟೆ. ಸಂದರ್ಶನಕ್ಕೆ ಬೇಕಾದ ಸ್ನೇಹಲಳ ಮಾರ್ಕ್ಸ್ ಕಾರ್ಡನ್ನು ಟ್ರಂಕಿಗೆ ಹಾಕಿ ಕೀಲಿಯನ್ನು ನನ್ನ ಕೈಗೇ ಕೊಟ್ಟರು. ತಾನೇ ಎಲ್ಲೋ ಇಟ್ಟು ಮರೆತೆ ಅಂದುಕೊಂಡು ಹುಡುಗಿ ಮುಂಜಾನೆಯಿಂದ ಹುಡುಕುತ್ತಿದ್ದಾಳೆ. ನಾನೂ ಅವಳ ಜೊತೆ ಹುಡುಕುತ್ತಿದ್ದೇನೆ.