ಅಬ್ಬಿ ಕಂಡ ಹಸಿರು

ಉಪ್ಪುಂದ,
ಆಗಸ್ಟ್ ೨೪, ಭಾನುವಾರ

ಪ್ರೀತಿಯ ತಮ್ಮ ಕುಷ್ಟನಿಗೆ ನಿನ್ನ ಸೀತಕ್ಕನ ಆಶೀರ್ವಾದಗಳು.

ಹೇಗಿದ್ದಿ? ಉಂಡ ಮೇಲೆ ಎದೆ ಉರಿಯುತ್ತದೆ ಎನ್ನುತ್ತಿದ್ದೆ, ಈಗ ಕಡಿಮೆಯಾಗಿದೆಯೇ? ದೆಹಲಿಯ ಊಟ ನಿನಗೆ ಒಗ್ಗುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ. ನಾನು ಕಳುಹಿಸಿದ ಕೊಚ್ಚಕ್ಕಿಯನ್ನು ಅಡುಗೆಯವನ ಕೈಗೆ ಕೊಟ್ಟು, ಇನ್ನೆರಡು ಸೀಟಿ ಹೆಚ್ಚು ಹಾಕು ಎಂದು ಹೇಳು, ಇಲ್ಲದಿದ್ದರೆ ಅದು ಕಲ್ಲಿನ ಹಾಗೆಯೇ ಇರುತ್ತದೆ. ಫೋನ್ ಇರುವಾಗ ಅಕ್ಕ ಕಾಗದ ಬರೆಯುತ್ತಾಳೆ ಎಂದು ನಗಬೇಡ. ಫೋನ್ ಎತ್ತುವವನು ನಿನ್ನ ಆಪ್ತ ಸಹಾಯಕ. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಮೇಡಂ, ಎನ್ನುತ್ತಾನೆ. ಮೀನು ಮಾರುವವಳನ್ನು ಮೇಡಂ ಎಂದು ಕರೆದವನು ಈ ಲೋಕದಲ್ಲಿ ಅವನೊಬ್ಬನೇ, ಹಾಗಾಗಿ ಬೈಯಲೂ ಮನಸ್ಸಾಗುವುದಿಲ್ಲ. ನವರಾತ್ರಿಯಲ್ಲಿ ಹೊಸ ಅಕ್ಕಿಯ ಹೊಸ್ತಿನ ಊಟಕ್ಕೆ ನೀನು ಮನೆಗೆ ಬರುವವನಿದ್ದೀ ಎಂದೂ ಅವನೇ ಹೇಳಿದ. ಅದರ ವಿಷಯ ಕೊನೆಗೆ ಬರೆಯುತ್ತೇನೆ, ಮರೆತರೆ ನೆನಪಾದಾಗ ಬರೆಯುತ್ತೇನೆ.

ಇಲ್ಲಿ ನಮ್ಮನ್ನು ಹೆತ್ತ ಅಬ್ಬಿ ಇದ್ದಾಳೆ, ಅಷ್ಟೇ. ಕಣ್ಣಿನ ಪೊರೆ ಬಲಿತಿದೆ. ಆಪರೇಷನ್ ಮಾಡಿಸುವ ಎಂದರೆ ಇನ್ನು ಯಾರ ಮುಖ ನೋಡುವುದಿದೆ ಎನ್ನುತ್ತಾಳೆ. ಬಣ್ಣ ಮಾತ್ರ ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಮೊನ್ನೆ ಅಂಗಳದಲ್ಲಿ ಒಣಹಾಕಿದ ನನ್ನ ಸೀರೆಗೆ ಒಳಗೆ ಬಾ ಎಂದು ಕರೆಯುತ್ತಿದ್ದಳು. ನಿನ್ನ ಭಾವ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದಾರೆ, ವಾರಕ್ಕೊಮ್ಮೆ ಬಂದು ಮಲಗಿ ಎದ್ದು ಹೋಗುತ್ತಾರೆ. ಮಗಳು ನವ್ಯಾ ಕುಂದಾಪುರದ ಕಾಲೇಜಿಗೆ ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ನಿನ್ನ ಫೋಟೋ ಇದ್ದ ಫೋನಿನ ಪರದೆಯಲ್ಲಿ ಈಗ ಒಂದು ಬೆಕ್ಕಿನ ಫೋಟೋ ಹಾಕಿಕೊಂಡಿದ್ದಾಳೆ.

ಸಂಸತ್ತಿನ ಆ ಮಸೂದೆಯ ವಿಷಯಕ್ಕೆ ಬರುತ್ತೇನೆ. ಎಷ್ಟು ಸುತ್ತು ಬಳಸಿದರೂ ಅಲ್ಲಿಗೇ ಬರಬೇಕು. ಮಳೆ ಹಿಡಿಯುವ ಮೊದಲು ನೀನು ಬಂದಾಗ ಕೇರಿಯವರೆಲ್ಲ ದೋಣಿ ಕೊಟ್ಟಿಗೆಯ ಎದುರು ಸೇರಿದ್ದರು. ಕಂಪೆನಿಯ ಬಂದರಿಗೆ ಕಡಲತೀರ ಬೇಕೆಂದಾದರೆ ಇನ್ನು ಮೇಲೆ ಊರವರ ಒಪ್ಪಿಗೆ ಕೇಳಬೇಕಿಲ್ಲವಂತೆ, ಹೌದೇ ಎಂದು ಬಚ್ಚಣ್ಣ ನಿನ್ನನ್ನು ಕೇಳಿದ. ನೀನು ಅವನ ಹೆಗಲ ಮೇಲೆ ಕೈಯಿಟ್ಟೆ. "ನಮ್ ಕಡ್ಲಿಗೆ ಎಂತದೂ ಆತಿಲ್ಲ, ನಾನ್ ಇದ್ದೆ ಅಲ್ದಾ" ಎಂದೆ. ಮೈಕ್ ಇರಲಿಲ್ಲ, ಪತ್ರಿಕೆಯವರೂ ಇರಲಿಲ್ಲ. ಅದಕ್ಕೇ ನಾವು ನಂಬಿದ್ದು. ಮೈಕಿನಲ್ಲಿ ಹೇಳಿದ್ದರೆ ಅರ್ಧವಾದರೂ ಅನುಮಾನ ಇಟ್ಟುಕೊಳ್ಳುತ್ತಿದ್ದೆವು.

ಅದರ ಮತದಾನದ ದಿನ ನಮ್ಮ ಮನೆಯ ಟಿವಿಯ ಎದುರು ಕಾಲಿಡಲು ಜಾಗವಿರಲಿಲ್ಲ. ಓದಿದ ಮಕ್ಕಳೆಲ್ಲ ಕಾಲೇಜಿಗೆ ಹೋಗಿದ್ದರು, ಗಂಡಸರಲ್ಲಿ ಗಟ್ಟಿಯಿದ್ದವರು ಮಲ್ಪೆಯಲ್ಲಿ. ಉಳಿದವರು ನಾವು ಹೆಂಗಸರು, ಮುದುಕರು, ಮತ್ತು ಮುಂಬಯಿಯಲ್ಲಿ ಹೋಟೆಲಿನಲ್ಲಿದ್ದು ಹಿಂದಿ ಕಲಿತ ಬಚ್ಚಣ್ಣ. ಅವರಿವರು ಮಾತಾಡಿದ್ದನ್ನು ಅವನು ನಮಗೆ ಅರ್ಥ ಹೇಳಿದ. ಕೊನೆಗೆ ಇಂಗ್ಲಿಷು ಬಂತು, ಅದು ಅವನಿಗೂ ತಿಳಿಯದು. ಆಮೇಲೆ ದೊಡ್ಡ ಪರದೆಯಲ್ಲಿ ಬಣ್ಣ ಹತ್ತಿತು. ಕೆಂಪು ಸ್ವಲ್ಪ, ಹಸಿರು ತುಂಬ. ನಡುವೆ ನಿನ್ನ ಬಿಳಿ ಅಂಗಿಯೂ ಒಂದು ಕ್ಷಣ ಕಂಡಿತು. ನಮಗೆ ಕೆಂಪು ಹಸಿರು ಎಂದರೆ ಏನೆಂದು ನಿನಗೆ ಹೇಳಬೇಕೇ? ಮಳೆಗಾಲವಿಡೀ ನಾವು ಬದುಕುವುದೇ ಹವಾಮಾನದವರಿಂದ ಫೋನಿಗೆ ಬರುವ ಆ ಬಣ್ಣಗಳ ಮೇಲೆ. ಕೆಂಪು ಎಂದರೆ ದೋಣಿ ಇಳಿಸಬೇಡಿ, ಕಡಲು ಕೊಲ್ಲುತ್ತದೆ. ಹಸಿರು ಎಂದರೆ ಹೆದರಬೇಡಿ, ಹೋಗಿ. ಬಚ್ಚಣ್ಣ ಎದ್ದು ಬಾಗಿಲಿಗೆ ಹೋಗಿ, "ಹ್ವಾಯ್, ಬನ್ನಿ ಕಾಣಿ, ಹಸ್ರು ಬಂತ್, ನಮ್ ಕುಷ್ಟ ಕಡ್ಲ್ ಉಳ್ಸಿದ" ಎಂದು ಕೂಗಿದ. ಅಬ್ಬಿ ಟಿವಿಯ ಹತ್ತಿರ ಹೋಗಿ ಆ ಹಸಿರಿನ ಮೇಲೆ ಕೈಯಿಟ್ಟು ಕಣ್ಣಿಗೆ ಒತ್ತಿಕೊಂಡಳು.

ಆ ದಿನ ಕೇರಿಯಲ್ಲಿ ಪಟಾಕಿ ಹೊಡೆದರು ಕುಷ್ಟ. ನಾನು ಹೆಸರುಬೇಳೆ ಪಾಯಸ ಮಾಡಿದೆ. ನನ್ನ ಜೊತೆಗೆ ಟೆಂಪೋದಲ್ಲಿ ಮೀನಿನ ಬುಟ್ಟಿ ಒಯ್ಯುವ ಜಲಜ ಎರಡು ಸಲ ಹಾಕಿಸಿಕೊಂಡು ಕುಡಿದು, ಕುಷ್ಟನನ್ನು ಹೆತ್ತ ಹೊಟ್ಟೆ ತಣ್ಣಗಿರಲಿ ಎಂದು ಅಬ್ಬಿಯ ಕಾಲು ಮುಟ್ಟಿದಳು. ಸಂಜೆ ನವ್ಯಾ ಬಸ್ಸಿನಿಂದ ಇಳಿದು ಬಂದವಳು ಪಟಾಕಿಯ ಕಾಗದದ ಮೇಲೆ ನಿಂತು ನಮ್ಮನ್ನೆಲ್ಲ ನೋಡಿದ ನೋಟ ಇನ್ನೂ ಮರೆತಿಲ್ಲ. ಅಡುಗೆಮನೆಗೆ ನನ್ನನ್ನು ಎಳೆದುಕೊಂಡು ಹೋಗಿ ಮೆಲ್ಲಗೆ ಹೇಳಿದಳು. ಅಲ್ಲಿ ಹಸಿರು ಎಂದರೆ ಮಸೂದೆಗೆ ಒಪ್ಪಿಗೆ. ಕೆಂಪು ಒತ್ತಿದವರು ನಮ್ಮ ಕಡೆಯವರು, ಅವರಲ್ಲಿ ಮಾವ ಇಲ್ಲ. ಒಲೆಯ ಮೇಲೆ ಉಳಿದ ಪಾಯಸ ಇತ್ತು. ನಾನು ಅದನ್ನು ಮುಚ್ಚಿಟ್ಟೆ. ಮಾರನೆಯ ದಿನ ಪತ್ರಿಕೆಯಲ್ಲಿ ನಿನ್ನ ಹೇಳಿಕೆಯೇ ಬಂತು, ಈ ಮಸೂದೆಯಿಂದ ಕರಾವಳಿಯ ಭವಿಷ್ಯ ಬದಲಾಗುತ್ತದೆ ಎಂದು. ಅದೊಂದು ಮಾತು ನೀನು ನಿಜವೇ ಹೇಳಿದೆ.

ಕೇರಿಯವರು ಬೈದರೆ ನಾನೂ ಬೈದು ಹಗುರಾಗುತ್ತಿದ್ದೆ. ಯಾರೂ ಬೈಯಲಿಲ್ಲ. ಜಲಜ ಟೆಂಪೋದಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಾಳೆ, ಬೈಂದೂರು ಪೇಟೆ ಬರುವವರೆಗೆ ಹೊರಗೆ ನೋಡುತ್ತಾಳೆ. ಒಮ್ಮೆ ಮಾತ್ರ, "ನಿನ್ ತಮ್ಮಂಗೆ ಫೋನ್ ಮಾಡಿ ಕೇಣ್, ತಪ್ಪಿ ಒತ್ತಿದ್ನಾ ಅಂತ" ಎಂದಳು. ಅವಳಿಗೆ ಅಷ್ಟು ಆಸೆ ಉಳಿದಿತ್ತು. ಬಚ್ಚಣ್ಣನಂತೂ ನಮ್ಮ ಅಂಗಳಕ್ಕೆ ಬರುವುದನ್ನೇ ಬಿಟ್ಟ. ಹಸಿರು ಬಂತೆಂದು ಕೂಗಿದ್ದು ತಾನಲ್ಲವೇ ಎಂಬ ನಾಚಿಕೆ ಅವನಿಗೆ. ನಾಚಿಕೆಪಡಬೇಕಾದವರು ಬೇರೆ, ಪಡುತ್ತಿರುವವನು ಅವನು.

ನವ್ಯಾ ಒಂದು ದಿನ ನನ್ನನ್ನು ಕೂರಿಸಿಕೊಂಡು ಫೋನಿನಲ್ಲಿ ನಿನ್ನ ಸಂಸತ್ತಿನ ಕೆಲಸವನ್ನೆಲ್ಲ ತೋರಿಸಿದಳು. ಅಲ್ಲಿ ನಿನ್ನ ಹೆಸರು ಕೃಷ್ಣ ಎಂದಿದೆ. ನೀನು ಸೀಮೆಎಣ್ಣೆಯ ಬಗ್ಗೆ ಪ್ರಶ್ನೆ ಕೇಳಿದ್ದೀ, ಕಡಲ್ಕೊರೆತದ ಬಗ್ಗೆ ಕೇಳಿದ್ದೀ, ಮೀನುಗಾರರ ಒಪ್ಪಿಗೆಯಿಲ್ಲದೆ ಹಿಡಿ ಮರಳನ್ನೂ ಮುಟ್ಟಬಾರದು ಎಂದು ಭಾಷಣ ಮಾಡಿದ್ದೀ. ಓದಿಸಿಕೊಂಡು ಕೇಳುವಾಗ ಕಣ್ಣಲ್ಲಿ ನೀರು ಬಂತು, ನನ್ನ ತಮ್ಮನ ಮಾತೇ ಅದು. ಹಾಗಾದರೆ ಮತ ಯಾವ ಕಡೆಗೆ ಎಂದೆ. ಮತ ಎಲ್ಲವೂ ಪಕ್ಷದ ಕಡೆಗೇ ಅಮ್ಮ, ಎಂದಳು. ಮಾತು ಒಂದು ಕಡೆ, ಬೆರಳು ಒಂದು ಕಡೆ. ಇನ್ನೆಷ್ಟೋ ಮಸೂದೆಗಳಿಗೆ ಯಾರು ಏನೆಂದರು ಎಂದು ಬರೆದಿಡುವುದೇ ಇಲ್ಲವಂತೆ, ಎಲ್ಲರೂ ಒಟ್ಟಿಗೆ ಕೂಗುವುದಂತೆ, ಯಾವ ಕಡೆ ಗದ್ದಲ ಜೋರೋ ಅದು ಗೆದ್ದಿತಂತೆ. ನನಗೆ ದಡದಲ್ಲಿ ಸಾಲಾಗಿ ನಿಂತು ಕೈರಂಪಣಿ ಬಲೆಯ ಹಗ್ಗ ಎಳೆಯುವುದು ನೆನಪಾಯಿತು. ಹಗ್ಗಕ್ಕೆ ಜೋತುಬಿದ್ದವನೂ ಎಳೆಯುವವನಷ್ಟೇ ಜೋರಾಗಿ ಕೂಗುತ್ತಾನೆ. ಆದರೆ ಈ ಮಸೂದೆಗೆ ಗುಂಡಿ ಒತ್ತಿಸಿದರು, ನಿನ್ನ ಹೆಸರು ಉಳಿಯಿತು. ನವ್ಯಾ ನಿನ್ನ ಪರವಾಗಿಯೂ ಮಾತಾಡಿದಳು, ಸುಳ್ಳು ಹೇಳಬಾರದು. ಪಕ್ಷ ವಿಪ್ ಕೊಟ್ಟ ಮೇಲೆ ಬೇರೆ ಒತ್ತಿದರೆ ಸ್ಥಾನವೇ ಹೋಗಬಹುದು, ಮಾವ ಏನು ಮಾಡಿಯಾರು ಎಂದಳು. ನಾನು ಅದನ್ನೂ ಯೋಚಿಸಿದೆ. ನಿನ್ನನ್ನು ಕಳುಹಿಸಿದ್ದು ನಾವಲ್ಲ, ನಮ್ಮ ಓಟು ಮೇಲ್ಮನೆಗೆ ಬೇಕಾಗಿಲ್ಲ, ಪಕ್ಷ ಕಳುಹಿಸಿತು, ಪಕ್ಷ ಹೇಳಿದ್ದನ್ನು ನೀನು ಮಾಡಿದೆ. ಆದರೆ ಕುಷ್ಟ, ಸಣ್ಣವನಿದ್ದಾಗ ಹಗ್ಗ ಎಳೆಯುವ ಸರದಿ ಬಂದಾಗಲೆಲ್ಲ ನಿನಗೆ ಹೊಟ್ಟೆನೋವು ಬರುತ್ತಿತ್ತು. ಕಣ್ಣಲ್ಲಿ ನೀರು ಸಮೇತ ಬರುತ್ತಿತ್ತು. ಅಪ್ಪಯ್ಯನೂ ನಂಬಿ ನಿನ್ನನ್ನು ಮನೆಗೆ ಕಳುಹಿಸುತ್ತಿದ್ದ. ನಮಗಾಗಿ ಆ ಒಂದು ದಿನ ನಿನಗೆ ಹೊಟ್ಟೆನೋವು ಬರಲಿಲ್ಲವೇ?

ನೂಲು ಹುಣ್ಣಿಮೆಗೆ ಸಮುದ್ರಪೂಜೆ ನಡೆಯಿತು. ಕಡಲಿಗೆ ಮೊದಲ ಹಾಲು ಹೊಯ್ಯುವುದು ನಮ್ಮ ಮನೆಯವರು, ಅಪ್ಪಯ್ಯನ ನಂತರ ನೀನು. ನೀನು ಬರದಿದ್ದರೆ ನಿನ್ನ ಭಾವನ ಕೈಯಲ್ಲಾದರೂ ಹೊಯ್ಯಿಸುತ್ತಿದ್ದರು. ಈ ಸಲ ಹಿಂದಿನ ಸಂಜೆ ಬಚ್ಚಣ್ಣ ಬೇಲಿಯ ಆಚೆಯೇ ನಿಂತು, "ಈ ಸಲ ಹಾಲ್ ಬ್ಯಾರೆಯವ್ರ್ ಹೊಯ್ಲಿ ಸೀತಕ್ಕ, ಬೇಜಾರ್ ಮಾಡ್ಕಣ್ಬೇಡಿ" ಎಂದ. ತಾಮ್ರದ ತಂಬಿಗೆಯನ್ನು ಹುಳಿ ಹಾಕಿ ತಿಕ್ಕಿ ನಾನೇ ಅವನ ಕೈಗೆ ಕೊಟ್ಟೆ. ಹೊಳೆಯುತ್ತಿತ್ತು. ಅಬ್ಬಿಗೆ ಏನು ಹೇಳುವುದು? ಅವಳಿಗೆ ಇನ್ನೂ ಏನೂ ಗೊತ್ತಿಲ್ಲ. ನನ್ನ ಮಗ ಹಸಿರು ಒತ್ತಿದ ಎಂದು ಜಗಲಿಯಲ್ಲಿ ಕುಳಿತು ಹೋಗಿಬರುವವರಿಗೆಲ್ಲ ಹೇಳುತ್ತಾಳೆ. ಹೌದಬ್ಬಿ ಎನ್ನುತ್ತಾರೆ ಅವರು. ಜಲಜ ಕೂಡ ಎನ್ನುತ್ತಾಳೆ. ಇಡೀ ಕೇರಿಯೇ ಒಂದು ಮುದುಕಿಯ ಎದುರು ಬಾಯಿ ಕಟ್ಟಿಕೊಂಡಿದೆ. ಹಾಗಾಗಿ ನಮಗೆ ಸೂತಕ ಬಂದಿದೆ, ಹಾಲು ಹೊಯ್ಯುವ ಹಾಗಿಲ್ಲ ಎಂದುಬಿಟ್ಟೆ. "ಯಾರ್ ಸತ್ತದ್ದ್ ಹೆಣೆ?" ಎಂದು ಕೇಳಿದಳು. ಬಾಯಿಗೆ ಬಂದದ್ದು ನಮ್ಮ ಕುಟುಂಬದವನೇ ಆದ ಗುಲ್ವಾಡಿಯ ಗುಡ್ಡಣ್ಣನ ಹೆಸರು. ಗುಡ್ಡಣ್ಣ ಗಟ್ಟಿಯಾಗಿದ್ದಾನೆ, ಮೊನ್ನೆ ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ನನ್ನ ಹತ್ತಿರವೇ ಬಂಗುಡೆಗೆ ಚೌಕಾಸಿ ಮಾಡಿದ. ಅಬ್ಬಿ ಅವನಿಗಾಗಿ ಅತ್ತಳು, ಒಳ್ಳೆಯ ಜನ ಎಂದಳು. ನನಗೆ ನಗು ಬಂತು, ಆಮೇಲೆ ನಗು ನಿಲ್ಲಿಸಲು ಹಿತ್ತಲಿಗೆ ಹೋಗಬೇಕಾಯಿತು. ಅಲ್ಲಿ ಏನು ಮಾಡಿದೆ ಎಂದು ಬರೆಯುವುದಿಲ್ಲ.

ಈಗ ಸರ್ವೆಯವರು ಬಂದುಹೋಗಿದ್ದಾರೆ. ದೋಣಿ ಕೊಟ್ಟಿಗೆಯ ಮುಂದೆ, ಒಣಮೀನು ಹರಡುವ ಜಾಗದಲ್ಲಿ, ನಮ್ಮ ಬಾವಿಯ ಕಟ್ಟೆಯ ಬದಿಯಲ್ಲಿ ಕಲ್ಲು ನೆಟ್ಟು ಕೆಂಪು ಬಣ್ಣ ಬಳಿದಿದ್ದಾರೆ. ಅಬ್ಬಿಗೆ ಆ ಕೆಂಪು ಕಾಣಿಸಿತು, ಏನದು ಎಂದಳು, ದಾಸವಾಳ ಎಂದೆ. ಕೇರಿಯವರು ಬೈಂದೂರಿನ ತಾಲೂಕು ಕಚೇರಿಗೆ ಹೋಗಿ ಮನವಿ ಕೊಟ್ಟು ಬಂದರು. ಬಿಜೂರಿನಿಂದಲೂ ಜನ ಬಂದಿದ್ದರು. ಘೋಷಣೆ ಕೂಗಿದರು, ಮಳೆ ಬಂತು, ಚದುರಿದರು. ಕಾನೂನೇ ಆದಮೇಲೆ ನಾವೇನು ಮಾಡುವುದು ಎಂದು ಕಚೇರಿಯವರೂ ಹೇಳಿದರಂತೆ. ಗಲಾಟೆ ಮಾಡುವ ಹುಮ್ಮಸ್ಸೂ ಯಾರಲ್ಲಿಯೂ ಉಳಿದಿಲ್ಲ. ದೋಣಿಗಳನ್ನು ಎಲ್ಲಿಗೆ ಒಯ್ಯುವುದು ಎಂದು ಗಂಡಸರು ಮಾತಾಡಿಕೊಳ್ಳುತ್ತಾರೆ, ಮುಂದಿನ ಊರಿನವರಿಗೇ ಜಾಗ ಸಾಲದು ಎನ್ನುತ್ತಾರೆ, ಆಮೇಲೆ ಬೀಡಿ ಹಚ್ಚುತ್ತಾರೆ. ಇದನ್ನು ತಿರುಗಿಸು ಎಂದು ನಾನು ನಿನ್ನಲ್ಲಿ ಕೇಳುತ್ತಿಲ್ಲ. ನಿನ್ನಿಂದ ಆಗುವುದಿಲ್ಲ ಎಂದು ನನಗೂ ಗೊತ್ತಿದೆ, ನಿನಗೂ ಗೊತ್ತಿದೆ.

ಆದರೂ ನೀನು ನಮ್ಮವನೇ. ಒದ್ದೆ ತಲೆಯಲ್ಲಿ ಎಸಿ ಕೋಣೆಗೆ ಹೋಗಬೇಡ. ಎದೆಯುರಿಗೆ ಮಾತ್ರೆ ನುಂಗುತ್ತಲೇ ಇರಬೇಡ, ಒಳ್ಳೆಯ ಡಾಕ್ಟರಿಗೆ ತೋರಿಸು. ನಿನ್ನ ಹೆಂಡತಿ ವಿನಯಾಗೆ ಒಣ ಚಟ್ಲಿ ಸಿಗಡಿ ಇಷ್ಟವೆಂದು ಬೇರೆ ಕಟ್ಟಿಟ್ಟಿದ್ದೇನೆ, ಆ ಕಡೆ ಹೋಗುವವರು ಸಿಕ್ಕಿದರೆ ಕಳುಹಿಸುತ್ತೇನೆ. ಅವಳಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ಕೊಲ್ಲೂರಮ್ಮ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇತಿ,
ನಿನ್ನನ್ನು ಎತ್ತಿ ಆಡಿಸಿದ
ಸೀತಕ್ಕ

ಬರೆಯಬೇಕಾದ್ದನ್ನೇ ಬಿಟ್ಟೆ. ಜಲಜನ ಮಗ ಅಂಚೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ. ಹೊಸ್ತಿನ ದಿನ ಹೊಸ ಅಕ್ಕಿಯ ಎಲೆಯ ಮುಂದೆ ಕುಳಿತು, ಹೊಸ್ತು ಉಣ್ಣುತ್ತೇನೆ ಎಂದು ಹಿರಿಯರಲ್ಲಿ ಅಪ್ಪಣೆ ಕೇಳುತ್ತೇವಲ್ಲ, ಆಗ ನಿನಗೆ ಅಪ್ಪಣೆ ಕೊಡುವ ಮೊದಲು, ಮಗ ನೀನು ಯಾವುದು ಒತ್ತಿದೆ ಎಂದು ಎಲ್ಲರೆದುರು ಕೇಳುತ್ತೇನೆ ಎಂದು ಅಬ್ಬಿ ಹೇಳಿಕೊಂಡು ಬರುತ್ತಿದ್ದಾಳೆ. ನಿನ್ನ ಬಾಯಿಂದ ಅದನ್ನು ಕೇಳಬೇಕಂತೆ, ಬಚ್ಚಣ್ಣನನ್ನೂ ಜಲಜನನ್ನೂ ಊಟಕ್ಕೆ ಕರೆದಿದ್ದಾಳೆ. ನೀನು ಹಸಿರು ಎನ್ನುತ್ತೀ. ಅದು ಸುಳ್ಳೂ ಅಲ್ಲ. "ಉಣ್ ಮಗ" ಎಂದು ಅಬ್ಬಿ ನಿನ್ನ ತಲೆ ಸವರುತ್ತಾಳೆ. ಬಚ್ಚಣ್ಣನೂ ಜಲಜನೂ ಅವಳ ಮುಖ ನೋಡಿ ಹೌದಬ್ಬಿ ಎನ್ನುತ್ತಾರೆ, ನೀನು ಉಣ್ಣುತ್ತೀ. ಅದನ್ನು ಬಡಿಸಲು ನನ್ನ ಕೈಯಲ್ಲಿ ಆಗುವುದಿಲ್ಲ ಕುಷ್ಟ. ಈ ಸಲ ಬರಬೇಡ. ನಿನಗೆ ಹೊಟ್ಟೆನೋವು ಎಂದು ಹೇಳುತ್ತೇನೆ, ಅಬ್ಬಿ ನಂಬುತ್ತಾಳೆ.