ಕಪ್ಪು ಕಲ್ಲಿನೊಳಗಿನ ಒಂದು ಬಿಳಿ ಚಿಪ್ಪು

ಕಲ್ಲು ತೊಳೆಯೋ ಕೋಣೆ,
ಮಂಗಳವಾರ ಸಂಜೆ

ಅಕ್ಕಾ,

ಇಲ್ಲ. ನಾನು ಮರೆತಿಲ್ಲ. ಕಪ್ಪು ಕಲ್ಲು ತೊಳೆಯೋಕೆ ಮುಂಚೆ ಜರಡಿಯನ್ನ ನೀಲಿ ಬಣ್ಣಕ್ಕೆ ಅದ್ದಿದೀನಿ. ಅದ್ದಿದ್ಯಾ ಅಂತ ನೀನು ಕೇಳಲಿಲ್ಲ, ಗೊತ್ತು. ಕೇಳಿದ್ದರೆ ಅಲ್ಲೇ ಜಗಳ ಆಡಿ ಮುಗಿಸ್ತಿದ್ದೆ. ನೀನು ಫೋನಲ್ಲಿ "ಹೋಗ್ಲಿ ಬಿಡೋ, ಯಾರಿಗಾದ್ರೂ ಆಗುತ್ತೆ" ಅಂದೆ. ಮಾಡದೇ ಇರೋ ತಪ್ಪನ್ನ ಮನ್ನಿಸಿಬಿಟ್ಟೆಯಲ್ಲ, ಅದು ಬೈಗುಳಕ್ಕಿಂತ ಜಾಸ್ತಿ ಉರಿಯುತ್ತೆ.

ನೆಗಡಿ ಹೇಗಿದೆ? ಬೇರೆ ಊರಿನ ನೀರು ನಿನಗೆ ಆಗಲ್ಲ, ಕಾಯಿಸಿ ಕುಡಿ. ಅಮ್ಮ ಚೆನ್ನಾಗಿದ್ದಾಳೆ, ಅವಳ ಮಂಡಿನೋವೂ ಚೆನ್ನಾಗಿದೆ. ಕೇಳಬೇಕಾದ್ದು ಕೇಳಿ ಆಯ್ತು, ಈಗ ವಿಷಯಕ್ಕೆ ಬರ್ತೀನಿ.

ನಾನು ಸ್ಕೂಲಿಗೆ ದೊಡ್ಡ ನಮಸ್ಕಾರ ಹಾಕಿ ಮನೇಲಿ ಬಿದ್ದಿದ್ದಾಗ ಚಿಕ್ಕಪ್ಪ "ಇವನು ಕತ್ತೆ ಕಾಯೋಕೂ ಲಾಯಕ್ಕಿಲ್ಲ" ಅಂದ. ನೀನು ನನ್ನ ಕೈ ಹಿಡಿದು ಈ ಕೋಣೆಗೆ ಎಳ್ಕೊಂಡು ಬಂದೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಡು ಅಂದೆ. ಮರಳು ಅಂದ್ಕೊಂಡಿದ್ದೆ. ನೋಡಿದ್ರೆ ಒಂದೊಂದೂ ಚಿಪ್ಪು, ಒಂದೊಂದರಲ್ಲೂ ಸುತ್ತಿ ಸುತ್ತಿ ಕಟ್ಟಿದ ಕೋಣೆಗಳು. ಕೆಲವಕ್ಕೆ ಅಂಚಿನಲ್ಲಿ ದಾರ ಹೊಲಿದ ಹಾಗೆ ಉಬ್ಬಿದ ಏಣು. ಇವು ಸಮುದ್ರದಲ್ಲಿ ತೇಲ್ಕೊಂಡು ಬದುಕ್ತಿದ್ವು, ಸತ್ತಾಗ ತಳಕ್ಕೆ ಇಳಿದ್ವು ಅಂತ ಹೇಳಿದೆ. ಒಂದು ಜಾತಿ ಹುಟ್ಟಿ, ಹರಡಿ, ಅಳಿದುಹೋಗುತ್ತೆ, ಮತ್ತೆ ಬರಲ್ಲ. ಹಾಗಾಗಿ ಯಾವ ಕಲ್ಲಿನಲ್ಲಿ ಯಾವ ಜಾತಿ ಇದೆ ಅಂತ ನೋಡಿದ್ರೆ ಕಲ್ಲಿನ ವಯಸ್ಸು ಹೇಳಬಹುದು. ಆಮೇಲೆ ಬೂದು ಕಲ್ಲಿನ ಮೇಲೆ ಕೂತ ಆ ಕಪ್ಪು ಕಲ್ಲು ತೋರಿಸಿದೆ, ಹಳೇ ಪುಸ್ತಕದ ಹಾಗೆ ಹಾಳೆ ಹಾಳೆಯಾಗಿ ಬಿಡೋದು. "ಇಲ್ಲಿ ಸಮುದ್ರಕ್ಕೆ ಉಸಿರು ಕಟ್ಟಿತ್ತು ಕಣೋ" ಅಂದೆ. ತಳದ ನೀರಲ್ಲಿ ಆಮ್ಲಜನಕ ಇಲ್ಲದೆ, ಸತ್ತದ್ದನ್ನ ತಿನ್ನೋಕೆ ಒಂದು ಹುಳವೂ ಉಳಿಯದೆ, ಎಲ್ಲ ಕೊಳೆಯದೆ ಕಪ್ಪಾಗಿ ಕೂತಿದ್ದು. ಒಂಬತ್ತು ಕೋಟಿ ವರ್ಷದ ಹಿಂದಿನ ಆ ಸಂಕಟಾನ, ಪಕ್ಕದ ಮನೆಯವರಿಗೆ ನಿನ್ನೆ ಹುಷಾರಿರಲಿಲ್ಲ ಅನ್ನೋ ಹಾಗೆ ಹೇಳಿದೆ. ಇಂಥವಳು ನನ್ನ ಅಕ್ಕ ಅಂತ ನಾನು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿ ತಲೆ ತಿಂದಿದೀನಿ.

ಈಗ ಆ ಉಸಿರು ಕಟ್ಟಿದ್ದಕ್ಕೆ ನೀನು ಕೊಟ್ಟ ತಾರೀಖಿನ ಮಾತು. ಏಣಿನ ಚಿಪ್ಪಿನ ಜಾತಿ ಅಳಿದಮೇಲೇ ಉಸಿರು ಕಟ್ಟಿದ್ದು ಅಂತ ನೀನು ಬರೆದೆ. ಏಣಿನ ಚಿಪ್ಪು ಬೂದು ಕಲ್ಲಿನ ತುಂಬ ಇತ್ತು, ಕಪ್ಪಿನಲ್ಲಿ ಒಂದೂ ಇರಲಿಲ್ಲ. ಈಗ ನಾನು ತೊಳೆದು ಕಳಿಸಿದ ಕಪ್ಪು ಪುಡಿಯಲ್ಲಿ ಒಂದು ಸಿಕ್ಕಿಬಿಟ್ಟಿದೆ. ಅದು ಕಪ್ಪು ಕಲ್ಲಿನದೇ ಆಗಿದ್ರೆ, ಆ ಜಾತಿ ಇನ್ನೂ ಬದುಕಿದ್ದಾಗಲೇ ಉಸಿರು ಕಟ್ಟೋಕೆ ಶುರುವಾಗಿತ್ತು, ನಿನ್ನ ತಾರೀಖು ಹಿಂದಕ್ಕೆ ಹೋಗಬೇಕು. ಗುರುವಾರ ಆ ಊರಿನ ಸಮ್ಮೇಳನದಲ್ಲಿ ಅಷ್ಟು ಜನದ ಮುಂದೆ ನಿಂತು ಅದನ್ನ ಹೇಳಬೇಕಾದವಳು ನೀನು. ಅದಕ್ಕೇ ನಿಮ್ಮ ದೊಡ್ಡ ಸಾರ್ "ಜರಡಿ ಗಲೀಜಾಗಿತ್ತು ಅಂದ್ಬಿಡಿ" ಅಂದ್ರಂತೆ. ಕಪ್ಪು ಕಲ್ಲಿಗೆ ಮುಂಚೆ ಬೂದು ಕಲ್ಲನ್ನೇ ಅದೇ ಜರಡಿಯಲ್ಲಿ ತೊಳೆದಿದ್ದೆ, ನಿಜ. ಅದಕ್ಕೇ ತಾನೇ ನೀಲಿ ಇರೋದು? ಒಂದು ಕಲ್ಲು ಮುಗಿದ ಮೇಲೆ ಜರಡಿನ ನೀಲಿ ಬಣ್ಣದ ನೀರಿಗೆ ಅದ್ದಿದ್ರೆ, ಕಣ್ಣುಗಳಲ್ಲಿ ಸಿಕ್ಕಿಕೊಂಡ ಹಳೇ ಚಿಪ್ಪು ನೀಲಿಯಾಗುತ್ತೆ, ಮುಂದಿನ ಕಲ್ಲಿಗೆ ನುಗ್ಗಿದ್ರೂ ಕಳ್ಳ ಅಂತ ಗೊತ್ತಾಗುತ್ತೆ. ನಿನಗೆ ಸಿಕ್ಕಿದ್ದು ಬಿಳಿ. ಒಂದೋ ಅದು ಕಪ್ಪು ಕಲ್ಲಿನದು, ಇಲ್ಲಾ ನಾನು ಅದ್ದಿಲ್ಲ. ನನಗೆ ಸಾಕ್ಷಿ ಯಾರಿದ್ದಾರೆ? ನನ್ನ ನೀಲಿ ಉಗುರು ನೋಡಿ ಚಹಾ ಅಂಗಡಿಯವನು "ಯಾವ ಮನೆಗೆ ಬಣ್ಣ ಬಳಿತಿದೀಯಪ್ಪಾ" ಅಂತಾನೆ. ಅಷ್ಟೇ ನನ್ನ ಸಾಕ್ಷಿ.

ಹಿಂದೆ ಒಂದು ಸಲ ನೀನೇ ಹೆಸರಿಟ್ಟ ಚಿಪ್ಪಿನ ಹೆಸರು ತಪ್ಪು ಅಂತ ನೀನೇ ಎದ್ದು ಹೇಳಿದವಳು. ಯಾರೂ ಕಂಡುಹಿಡಿದಿರಲಿಲ್ಲ. ಮನೆಗೆ ಬಂದು "ಹೊಟ್ಟೆ ಹಗುರಾಯ್ತು, ಊಟ ಹಾಕು" ಅಂದೆ. ಆ ಅಕ್ಕನ ಕೆಳಗೆ ನಾನು ಕೆಲಸ ಕಲಿತಿದ್ದು. ದೊಡ್ಡ ಸಾರ್ ಕೆಳಗಲ್ಲ.

ಅಮ್ಮ ಆಶೀರ್ವಾದ ಹೇಳಿದ್ದಾಳೆ, ಸ್ವೆಟರ್ ಹಾಕ್ಕೋ ಅಂದಿದ್ದಾಳೆ. ನನ್ನ ಕಡೆಯಿಂದ ಸದ್ಯಕ್ಕೆ ಏನೂ ಇಲ್ಲ.

ನಿನ್ನ ತಮ್ಮ,
ಮೊಂಡ

ತಾ.ಕ.: ಈ ಕಾಗದದ ಜೊತೆ ಒಂದು ಸೀಸೆ ಇದೆ. ಅದೇ ಕಪ್ಪು ಕಲ್ಲಿನ ಉಳಿದ ತುಂಡಿನ ಪುಡಿ. ಮೇಲ್ಮೈಯೆಲ್ಲ ಕೆತ್ತಿ ತೆಗೆದು, ಒಳಗಿನದನ್ನ ಮಾತ್ರ ನೆನೆಹಾಕಿ ತೊಳೆದಿದೀನಿ. ಮುಂದಿನ ಪ್ರಯಾಣಕ್ಕೆ ಅಂತ ನೀನು ಕಪಾಟಿನಲ್ಲಿ ಬಚ್ಚಿಟ್ಟಿದ್ದ ಹೊಸ ಜರಡಿಯ ಕಟ್ಟು ಬಿಚ್ಚಿದೆ, ಬೈದ್ಕೋ. ಅದು ಬೂದು ಕಲ್ಲಿನ ಮುಖಾನೇ ನೋಡಿಲ್ಲ. ಪಕ್ಕದ ಕೋಣೆಯ ಮೇಡಂ ನಾನೇ ನೋಡಿ ಹೇಳ್ತೀನಿ ಅಂದ್ರು, ಬೇಡ ಅಂದೆ. ನೀನೇ ನೋಡಬೇಕು. ಏಣಿನ ಚಿಪ್ಪು ಇದರಲ್ಲಿ ಇಲ್ಲದಿದ್ರೆ ಗುರುವಾರ "ನನ್ನ ತಮ್ಮ ಸರಿಯಾಗಿ ತೊಳೆಯಲಿಲ್ಲ" ಅಂತ ಮೈಕಲ್ಲಿ ಹೇಳು, ನುಂಗ್ಕೋತೀನಿ. ಇದ್ರೆ ಏನು ಹೇಳ್ತೀಯ ಅಂತ ನಾನು ಕೇಳಲ್ಲ, ನಿನ್ನ ನೋಡಿ ಗೊತ್ತು. ಕಲ್ಲಿನ ಗಾಡಿ ಡ್ರೈವರ್ ಅಣ್ಣ ಗೇಟಿನ ಹತ್ರ ಹಾರ್ನ್ ಹೊಡೀತಿದಾನೆ, ನಾಳೆ ಬೆಳಿಗ್ಗೆ ನಿನ್ನ ಕೈಗೇ ಕೊಡ್ತಾನೆ. ಈ ಕೋಣೆಯ ಬಾಗಿಲು ಜೋರಾಗಿ ಹಾಕಬೇಡ, ಗಾಳಿಗೆ ತಟ್ಟೆಯಲ್ಲಿನ ಚಿಪ್ಪೆಲ್ಲ ಹಾರುತ್ತೆ ಅಂತ ಬಡ್ಕೋತೀಯಲ್ಲ, ನಿನ್ನ ತಟ್ಟೆಗಳಿಗೆಲ್ಲ ಒಂದೂ ಬಿಡದೆ ಗಾಜು ಮುಚ್ಚಿದೀನಿ. ಈಗ ಬಾಗಿಲು ಬಡಿದೇ ಹೋಗ್ತಿದೀನಿ.